ಕಾಲರಿನಲ್ಲಿ ಸಿಕ್ಕ ಕೋಳಿ ಕಾನೂನು

ಆ ಬೀದಿಯಲ್ಲಿ ಬೆಳಗಾಯಿತು ಅಂತ ಎರಡು ಕೂಗಿನಿಂದ ಗೊತ್ತಾಗುತ್ತಿತ್ತು. ಮೊದಲನೆಯದು ಟೈಲರಮ್ಮನ ಹಿತ್ತಲಿನ ಹುಂಜದ್ದು. ಎರಡನೆಯದು ಪಕ್ಕದ ಮನೆಯ ಬೇಕರಿಯಣ್ಣನದ್ದು.

“ಟೈಲರಮ್ಮ, ನಿಮ್ಮ ಹುಂಜಕ್ಕೆ ಗಂಟಲು ನೋವಾದ್ರೂ ಬರಬಾರದಾ?”

“ಬಂದ್ರೆ ಹೇಳಿ ಕಳಿಸ್ತೀನಿ ಬಿಡಿ. ಊರೆಲ್ಲ ಏಳೋ ಹೊತ್ತಿಗೆ ನೀವು ಮಲಗಿದ್ರೆ ಅದೇನು ಮಾಡುತ್ತೆ ಪಾಪ?”

ಬೇಕರಿಯಣ್ಣ ರಾತ್ರಿಯೆಲ್ಲ ಒಲೆಯ ಮುಂದೆ ನಿಂತು ಬ್ರೆಡ್ಡು ಸುಡುವವನು. ಬೆಳಗ್ಗೆ ಮನೆಗೆ ಬಂದು ತಲೆದಿಂಬಿಗೆ ತಲೆ ಕೊಟ್ಟರೆ ಮಧ್ಯಾಹ್ನದವರೆಗೆ ಅವನ ನಿದ್ದೆಯ ಪಾಳಿ. ಹುಂಜಕ್ಕೆ ಆ ಪಾಳಿ ಗೊತ್ತಿಲ್ಲ. ಮೂರು ತಿಂಗಳಿಂದ ಗೋಡೆಯ ಈಚೆಗೂ ಆಚೆಗೂ ಇದೇ ರಾಮಾಯಣ. ಮೊದಮೊದಲು ಕೂಗಿನ ಬಗ್ಗೆ ಇದ್ದ ಜಗಳಕ್ಕೆ ಆಮೇಲೆ ನೊಣ ಸೇರಿತು, ವಾಸನೆ ಸೇರಿತು, ಚೆಲ್ಲಿದ ಕಾಳಿಗೆ ಬರುವ ಇಲಿ ಸೇರಿತು. ಕಡೆಗೆ ಐದು ವರ್ಷದ ಹಿಂದೆ ಯಾರೋ ವಾಪಸ್ ಕೊಡದ ಏಣಿಯೂ ಸೇರಿತು.

ಟೈಲರಮ್ಮ ಬಿಟ್ಟುಕೊಡದಿರುವುದಕ್ಕೆ ಕಾರಣವಿತ್ತು. ಅದು ಮೊಟ್ಟೆಯಲ್ಲ, ಅವಳ ಅತ್ತೆ. ಮಾವ ತೀರಿಕೊಂಡ ಮೇಲೆ ಅತ್ತೆ ಒಂದು ವರ್ಷ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು. ಊಟ ಕೊಟ್ಟರೆ ಉಂಡರು, ಇಲ್ಲದಿದ್ದರೆ ಇಲ್ಲ. ಲಾರಿ ಓಡಿಸುವ ಮಗ ವಾರಕ್ಕೊಮ್ಮೆ ಬಂದು “ಅಮ್ಮಾ” ಅಂದರೂ ಈ ಕಡೆ ತಿರುಗುತ್ತಿರಲಿಲ್ಲ. ಒಂದು ಸಲ ಅವನು ರಟ್ಟಿನ ಡಬ್ಬಿಯಲ್ಲಿ ಏಳು ಮರಿ ತಂದು ಮಂಚದ ಕೆಳಗಿಟ್ಟ. ಅವು ರಾತ್ರಿಯಿಡೀ ಕಿಚಿಪಿಚಿ ಅಂದವು. ಬೆಳಗ್ಗೆ ಅತ್ತೆ ತಾವಾಗಿಯೇ ಎದ್ದು ಕೂತು, “ಇವಕ್ಕೆ ಹಸಿವಾಗಿದೆ ಕಣೆ, ಏನಾದ್ರೂ ಹಾಕೇ” ಅಂದರು. ಅವತ್ತು ಎದ್ದವರು ಮತ್ತೆ ಹಗಲಿನಲ್ಲಿ ಮಲಗಲಿಲ್ಲ.

ಏಳು ಮರಿಗಳಲ್ಲಿ ಆರು ಹೆಣ್ಣು, ಒಂದು ಹುಂಜ. ನಡೆಯುವ ಗತ್ತು ನೋಡಿ ಅತ್ತೆ ಹುಂಜಕ್ಕೆ ‘ಸಾಹೇಬ’ ಅಂತ ಹೆಸರಿಟ್ಟಿದ್ದರು.

ಹೀಗಿರುವಾಗ ನಗರಸಭೆಯಿಂದ ನೋಟಿಸು ಬಂತು. ಬೇಕರಿಯಣ್ಣ ದೂರು ಕೊಟ್ಟಿದ್ದ. ಟೈಲರಮ್ಮ ಹೊಲಿಗೆ ಯಂತ್ರದ ಮುಂದೆ ಕೂತೇ ಓದಿದಳು. “ಹಿತ್ತಲಿನಲ್ಲಿ ಕೋಳಿ ಸಾಕಣೆ... ಹದಿನೈದು ದಿನದೊಳಗೆ... ತಪ್ಪಿದಲ್ಲಿ ವಶಪಡಿಸಿಕೊಳ್ಳಲಾಗುವುದು.” ಆ ಕೊನೆಯ ಪದ ನೋಡಿದ್ದೇ ಅವಳ ಎದೆ ಧಸಕ್ಕೆಂದಿತು. ಮುಂದೆ ಓದಲಿಲ್ಲ. ಹಾಳೆ ತಿರುಗಿಸಿಯೂ ನೋಡಲಿಲ್ಲ. ಅತ್ತೆಗೆ ಹೇಳಲು ಬಾಯಿ ಬರಲಿಲ್ಲ.

ಆಮೇಲೆ ಮಾಡಿದ್ದು ಟೈಲರುಗಳು ಮಾತ್ರ ಮಾಡುವ ತಪ್ಪು. ಕಾಗದ ದಪ್ಪಗಿತ್ತು, ಗಟ್ಟಿಯಾಗಿತ್ತು. ಇಂಥ ಕಾಗದ ಕಂಡರೆ ಟೈಲರುಗಳ ಕೈ ಸುಮ್ಮನಿರುವುದಿಲ್ಲ. “ಹಾಳಾದ ನೋಟಿಸು, ಅಚ್ಚಿಗಾದ್ರೂ ಆಗಲಿ” ಅಂತ ಕತ್ತರಿ ತೆಗೆದುಕೊಂಡು, ಬಟ್ಟೆಯ ಮೇಲಿಟ್ಟು ಗೆರೆ ಎಳೆಯಲು ಸಿಟ್ಟಿನಲ್ಲೇ ಒಂದು ಕಾಲರ್, ಒಂದು ಜೇಬು, ಎರಡು ಕಫ್ ಅಚ್ಚು ಕತ್ತರಿಸಿಕೊಂಡಳು.

ಅಷ್ಟಕ್ಕೇ ನಿಲ್ಲಲಿಲ್ಲ. ವಾರ ಕಳೆದ ಮೇಲೆ, ಕೂಗು ಆಚೆಗೆ ಕೇಳದಿದ್ದರೆ ಕೋಳಿ ಇರುವುದೇ ಗೊತ್ತಾಗದು ಅಂದುಕೊಂಡು, ಮೂರು ಪದರದ ಬಟ್ಟೆ ಹಾಕಿ ಗೂಡಿಗೇ ಒಂದು ಕೋಟು ಹೊಲಿದಳು. ಹೊಲಿಗೆ ಚೆನ್ನಾಗಿಯೇ ಬಂದಿತ್ತು. ಸಾಹೇಬ ಒಳಗಿಂದಲೂ ಮೊದಲಿನಂತೆಯೇ ಕೂಗಿದ. ಆದರೆ ಮಧ್ಯಾಹ್ನದ ಹೊತ್ತಿಗೆ ಒಳಗಿನ ಸೆಕೆಗೆ ಅತ್ತೆಯ ಮುದ್ದಿನ ದಪ್ಪ ಹೇಂಟೆ ಬಾಯಿ ತೆರೆದು, ರೆಕ್ಕೆ ಇಳಿಬಿಟ್ಟು ಬಿದ್ದುಕೊಂಡಿತು. ಟೈಲರಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಪಶು ಆಸ್ಪತ್ರೆಗೆ ಓಡಿದಳು.

ಅಲ್ಲಿನ ನರ್ಸ್ ಅಕ್ಕ ಕೋಳಿಯನ್ನು ನೆರಳಿನಲ್ಲಿಟ್ಟು, ಕಾಲಿಗೆ ತಣ್ಣೀರು ಸೋಕಿಸಿ, ಕೊಕ್ಕಿಗೆ ಹನಿ ಹನಿಯಾಗಿ ನೀರು ಕುಡಿಸಿದಳು. ಅರ್ಧ ಗಂಟೆಯಲ್ಲಿ ಅದು ಕಣ್ಣು ಬಿಟ್ಟಿತು.

“ಕೋಳಿಗೆ ಕೋಟು ಹೊಲಿದವರನ್ನ ಇವತ್ತೇ ನೋಡಿದ್ದು” ಅಂದಳು ಅಕ್ಕ. “ಗೂಡಿಗೆ ಗಾಳಿ ಆಡಬೇಕು ಟೈಲರಮ್ಮ. ನನ್ನ ಕೋಟೂ ಹರಿದಿದೆ. ನಾಳೆ ಬರ್ತೀನಿ, ಒಂದು ಹೊಲಿದುಕೊಡಿ.”

ಮರುದಿನ ಅಕ್ಕ ಬಂದಳು. ಅಳತೆ ಕೊಟ್ಟಳು. “ಕಾಲರ್ ಎಷ್ಟು ಅಗಲ ಬರುತ್ತೆ?” ಅಂತ ಕೇಳಿದಳು. ಟೈಲರಮ್ಮ ಕಾಗದದ ಅಚ್ಚನ್ನು ಅವಳ ಕೈಗಿಟ್ಟು, “ಇಷ್ಟು” ಅಂದಳು.

ಅಕ್ಕ ಅಚ್ಚನ್ನು ಹಿಂದೆ ಮುಂದೆ ತಿರುಗಿಸಿದಳು. ಹುಬ್ಬು ಮೇಲೇರಿತು. ಜೋರಾಗಿ ಓದಿದಳು: “‘...ಆರು ಹೆಣ್ಣು ಕೋಳಿಗಳವರೆಗೆ ಸಾಕಲು ಅನುಮತಿ ಇರುತ್ತದೆ.’ ಇದೇನ್ರೀ ನಿಮ್ಮ ಕಾಲರ್ ಮಾತಾಡ್ತಿದೆ?”

ಟೈಲರಮ್ಮನ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು.

ಇಬ್ಬರೂ ಮೇಜಿನ ಕೆಳಗೆ ತೂರಿ ಚೂರುಗಳನ್ನು ಹೆಕ್ಕಿದರು. ಜೇಬು ಸಿಕ್ಕಿತು, ಒಂದು ಕಫ್ ಸಿಕ್ಕಿತು. ಎಲ್ಲವನ್ನೂ ಗುಂಡುಪಿನ್ನು ಚುಚ್ಚಿ ಹಲಗೆಯ ಮೇಲೆ ಜೋಡಿಸಿದರು. ಹಿಂಬದಿಯ ತುಂಬ ನಿಯಮ. ಹುಂಜ ಸಾಕುವಂತಿಲ್ಲ. ಗೂಡನ್ನು ದಿನಾ ಗುಡಿಸಬೇಕು. ಕಾಳನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಬೇಕು. ಗೂಡು ಪಕ್ಕದ ಮನೆಯ ಗೋಡೆಯಿಂದ... ಅಲ್ಲಿಗೆ ಕಾಗದ ಮುಗಿಯಿತು. ಉಳಿದದ್ದು ಎರಡನೆಯ ಕಫ್‌ನಲ್ಲಿತ್ತು. ಅದು ಯಾವ ಗಿರಾಕಿಯ ಗಂಟಿನಲ್ಲಿ ಹೋಯಿತೋ.

“ನಗರಸಭೆಗೆ ಹೋಗಿ ಕೇಳೋಣ ನಡೀರಿ” ಅಂದಳು ಅಕ್ಕ.

“ಅಯ್ಯೋ, ನಾವಾಗೇ ಹೋಗಿ ತಲೆ ಕೊಡೋದಾ? ನಿಯಮ ಅಂತ ಮಾಡೋದೇ ನಮ್ಮಂಥೋರನ್ನ ಹಿಡಿಯೋಕೆ.”

“ಓದದೇ ಇದ್ದಿದ್ದಕ್ಕೆ ಸಿಕ್ಕಿಬಿದ್ರಿ. ಓದಿದ ಮೇಲೆ ಆರು ಕೋಳಿ ಉಳೀತು ನೋಡಿ. ಇನ್ನೂ ಐದು ದಿನ ಇದೆ.”

ಟೈಲರಮ್ಮ ಹೆದರಿಕೊಂಡೇ ಹೋದಳು. ಅಲ್ಲಿನ ಗುಮಾಸ್ತ ತಲೆ ಎತ್ತದೆ ಹೊಸ ನೋಟಿಸು ಕೊಟ್ಟ, ಅರ್ಜಿ ಕೊಟ್ಟ. “ಹತ್ತು ಅಡಿ ದೂರ ಇರಬೇಕು. ಪಕ್ಕದ ಮನೆಯವರ ಸಹಿ ಬೇಕು. ಸಹಿ ಇಲ್ದೆ ಬರಬೇಡಿ” ಅಂದ. ಬೈಗುಳ ತಿನ್ನಲು ತಯಾರಾಗಿ ಹೋದವಳಿಗೆ ಇಷ್ಟು ಬೇಗ ಮುಗಿದದ್ದು ನೋಡಿ ಸ್ವಲ್ಪ ಪೆಚ್ಚೇ ಆಯಿತು.

ಮನೆಗೆ ಬಂದು ಕೊರಳಿನ ಟೇಪು ತೆಗೆದಳು. ಅರವತ್ತು ಇಂಚಿನ ಟೇಪು ಎರಡು ಸಲ ಇಟ್ಟರೆ ಹತ್ತು ಅಡಿ. ಹಿತ್ತಲು ಅಳೆದಳು. ಗೂಡು ಈಗ ಇದ್ದದ್ದು ಬೇಕರಿಯಣ್ಣ ಮಲಗುವ ಕೋಣೆಯ ಗೋಡೆಗೆ ಅಂಟಿಕೊಂಡು. ಹತ್ತು ಅಡಿ ಸಿಗುವುದು ಒಂದೇ ಕಡೆ, ಅವಳೇ ಹೊಲಿಗೆಗೆ ಕೂರುವ ಕಿಟಕಿಯ ಕೆಳಗೆ.

“ಅಲ್ಲಿಟ್ಟರೆ ವಾಸನೆ ಎಲ್ಲ ನನ್ನ ಮೂಗಿಗೇ ಅಲ್ವಾ ಅಕ್ಕ?”

“ಇಷ್ಟು ದಿನ ಯಾರ ಮೂಗಿಗಿತ್ತು?”

ಮೂರು ತಿಂಗಳಲ್ಲಿ ಮೊದಲ ಸಲ ಟೈಲರಮ್ಮನಿಗೆ ನಾಚಿಕೆಯಾಯಿತು.

ಉಳಿದದ್ದು ಕಷ್ಟದ ಕೆಲಸ. ಸಾಹೇಬನ ಸಂಗತಿ ಅತ್ತೆಗೆ ಹೇಳಬೇಕು. ಹೇಳಿದರೆ ಅತ್ತೆ ಮತ್ತೆ ಗೋಡೆ ಕಡೆ ತಿರುಗಿಬಿಟ್ಟರೆ? ಅವಳು ತಡವರಿಸುತ್ತಾ, ಬೆರಳಿಗೆ ದಾರ ಸುತ್ತುತ್ತಾ, ಎಲ್ಲವನ್ನೂ ಹೇಳಿದಳು. ಅತ್ತೆ ಎದ್ದು, ಕೋಲು ಹಿಡಿದು, ಅರ್ಜಿಯನ್ನು ಕೈಗೆ ತೆಗೆದುಕೊಂಡು ಹೊರಟರು. ಸೊಸೆ ಹಿಂದೆ ಓಡಿದಳು. ವರ್ಷಗಳಿಂದ ಬೀದಿಗೆ ಕಾಲಿಡದವರು ನೆಟ್ಟಗೆ ಬೇಕರಿಯಣ್ಣನ ಬಾಗಿಲು ತಟ್ಟಿದರು.

ಬೇಕರಿಯಣ್ಣ ಬಾಗಿಲು ತೆರೆದ. ಕಣ್ಣು ಕೆಂಡದಂತಿತ್ತು. ಬಲಗೈಗೆ ಮೊಣಕೈವರೆಗೆ ಬಟ್ಟೆ ಸುತ್ತಿತ್ತು.

“ಕೈಗೇನಾಯ್ತಪ್ಪ?” ಅಂದರು ಅತ್ತೆ.

“ಒಲೆ ಮುಂದೆ ನಿಂತಲ್ಲೇ ತೂಕಡಿಸಿಬಿಟ್ಟೆ ಅಮ್ಮ. ತಟ್ಟೆ ತಾಗಿ ಸುಟ್ಟುಕೊಂಡೆ. ನಿದ್ದೆ ಇಲ್ಲ, ಏನ್ ಮಾಡ್ಲಿ?”

ಇಷ್ಟು ದಿನ ಅವನ ಬಾಯಿ ಮಾತ್ರ ನೋಡಿದ್ದ ಟೈಲರಮ್ಮ ಈಗ ಕೈ ನೋಡಿದಳು.

“ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯ್ತು ಅಂದ್ಕೊಂಡ ಮುದುಕಿ ಕಥೆ ನನಗೂ ಗೊತ್ತು” ಅಂದರು ಅತ್ತೆ. “ನಾನು ಆ ಮುದುಕಿ ಅಲ್ಲ. ಸಾಹೇಬ ಇಲ್ದೆಯೂ ಬೆಳಗಾಗುತ್ತೆ. ಅವನನ್ನ ಕಳಿಸ್ತೀನಿ. ಉಳಿದ ಆರನ್ನ ನನಗೆ ಬಿಟ್ಟುಕೊಡು ಮಗ. ಅವಿಲ್ದಿದ್ರೆ ನನಗೆ ಏಳೋಕೆ ಮನಸ್ಸೇ ಬರಲ್ಲ.”

“ಇದನ್ನ ಮೊದಲೇ ಹೇಳಿದ್ರೆ ನಾನ್ಯಾಕಮ್ಮ ದೂರು ಕೊಡ್ತಿದ್ದೆ” ಅಂದ ಬೇಕರಿಯಣ್ಣ. ಸುಟ್ಟ ಕೈಯಲ್ಲಿ ಪೆನ್ನು ಹಿಡಿಯಲಾಗದೆ ಎಡಗೈಯಲ್ಲೇ ಸಹಿ ಹಾಕಿದ. ಅರ್ಜಿ ಅವತ್ತೇ ನಗರಸಭೆ ಸೇರಿತು.

ಊರಾಚೆ ಹೊಲದ ನಡುವೆ ಮನೆಯಿದ್ದ ನರ್ಸ್ ಅಕ್ಕನ ಅಮ್ಮ ಸಾಹೇಬನನ್ನು ಸಾಕಲು ಒಪ್ಪಿದರು. ಅತ್ತೆ ಬುಟ್ಟಿಯ ಮೇಲೆ ಕೈಯಿಟ್ಟು ಅತ್ತರು, ಆದರೆ ಬುಟ್ಟಿಯನ್ನು ಕೊಟ್ಟರು. ಆ ವಾರ ಬಂದ ಮಗ ತಂತಿ ಬಲೆ ತಂದು ಕಿಟಕಿಯ ಕೆಳಗೆ ಗಾಳಿಯಾಡುವ ಹೊಸ ಗೂಡು ಕಟ್ಟಿದ. ವಾಸನೆ ಮೂಗಿಗೇ ಬಡಿಯುವುದರಿಂದ ಟೈಲರಮ್ಮ ದಿನಕ್ಕೆ ಒಂದಲ್ಲ, ಎರಡು ಸಲ ಗುಡಿಸಿದಳು. ಗೂಡು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು, ಕೋಳಿ ಮಂಕಾದರೆ ಆಸ್ಪತ್ರೆಗೆ ತಿಳಿಸುವುದು, ಎಲ್ಲ ಅಕ್ಕ ಹೇಳಿಕೊಟ್ಟಳು. ಕಾಳು ಡಬ್ಬಿಯೊಳಗೆ ಸೇರಿತು. ಇಲಿಗಳು ಬೇರೆ ಬೀದಿ ನೋಡಿಕೊಂಡವು.

ಹದಿನೈದನೆಯ ದಿನ ಇನ್ಸ್‌ಪೆಕ್ಟರ್ ಬಂದರು. ಗೂಡು ನೋಡಿದರು, ಡಬ್ಬಿಯ ಮುಚ್ಚಳ ಎತ್ತಿ ನೋಡಿದರು. ತಮ್ಮ ಬಟ್ಟೆ ಟೇಪು ಬಿಚ್ಚಿ ಗೋಡೆಯಿಂದ ಗೂಡಿನವರೆಗೆ ಅಳೆದು ತಲೆ ಆಡಿಸಿದರು.

“ಒಂಬತ್ತು ಅಡಿ ಹನ್ನೊಂದು ಇಂಚು. ಒಂದು ಇಂಚು ಕಡಿಮೆ ಇದೆಯಲ್ಲಮ್ಮ.”

ಗೋಡೆಯ ಆಚೆ ಬೇಕರಿಯಣ್ಣನ ತಲೆ ಮೇಲೆ ಬಂತು. ತಿಂಗಳ ಹಿಂದಾಗಿದ್ದರೆ ಟೈಲರಮ್ಮ ಅಳುತ್ತಿದ್ದಳು, ಇಲ್ಲವೇ ಜಗಳವಾಡುತ್ತಿದ್ದಳು. ಈಗ ಮೆಲ್ಲಗೆ ಕೇಳಿದಳು:

“ನಿಮ್ಮ ಟೇಪು ಎಷ್ಟು ವರ್ಷದ್ದು ಸಾರ್?”

“ನಾನು ಕೆಲಸಕ್ಕೆ ಸೇರಿದಾಗಿನದ್ದು.”

“ಬಟ್ಟೆ ಟೇಪು ಎಳೆದು ಎಳೆದು ಜಗ್ಗಿರುತ್ತೆ ಸಾರ್. ಜಗ್ಗಿದ ಟೇಪಿನಲ್ಲಿ ಅಳತೆ ಕಡಿಮೆ ಬರುತ್ತೆ. ಇಪ್ಪತ್ತು ವರ್ಷದಿಂದ ಟೇಪೇ ನನ್ನ ಅನ್ನ, ನೋಡಿ.”

ತನ್ನ ಹೊಸ ಟೇಪನ್ನು ಅವರ ಟೇಪಿನ ಪಕ್ಕ ನೆಲದ ಮೇಲೆ ಹಾಸಿದಳು. ಇವಳ ಅರವತ್ತು ಇಂಚು ಮುಗಿದ ಕಡೆ ಅವರದ್ದು ಇನ್ನೂ ಐವತ್ತೊಂಬತ್ತೂವರೆಯಲ್ಲಿತ್ತು. ಇನ್ಸ್‌ಪೆಕ್ಟರ್ ಬಗ್ಗಿ ನೋಡಿದರು. ಎದ್ದು ನಿಂತು ನಕ್ಕರು.

“ಹಾಗಾದ್ರೆ ಈ ಟೇಪಿನಲ್ಲಿ ಅಳೆದ ಊರೆಲ್ಲ ಮತ್ತೆ ಅಳೀಬೇಕಲ್ಲಮ್ಮ” ಅನ್ನುತ್ತಾ ಇವಳ ಟೇಪಿನಲ್ಲಿ ಇನ್ನೊಮ್ಮೆ ಅಳೆದರು. ಸರಿಯಾಗಿ ಹತ್ತು ಅಡಿ ಬಂತು.

“ಪಕ್ಕದ ಮನೆಯವರದ್ದೇನಾದ್ರೂ ತಕರಾರು?”

“ನಂದೇನೂ ಇಲ್ಲ ಸಾರ್, ಬೇಗ ಮೊಹರು ಹಾಕಿ” ಅಂದ ಬೇಕರಿಯಣ್ಣ ಗೋಡೆಯ ಮೇಲಿಂದ. “ನಾನು ಮಲಗಬೇಕು.”

ಮೊಹರು ಬಿತ್ತು. ಅತ್ತೆ ಪರವಾನಗಿಯನ್ನು ಎರಡೂ ಕೈಯಲ್ಲಿ ಹಿಡಿದು, ಓದಲು ಬಾರದಿದ್ದರೂ ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಸೊಸೆಗೆ ಕೊಡುತ್ತಾ, “ತಗೋ, ಪೂರ್ತಿ ಓದಿ ಹೇಳು. ಇದನ್ನ ಮಾತ್ರ ಕತ್ತರಿಯಿಂದ ದೂರ ಇಡು” ಅಂದರು. ಆ ಮನೆಯಲ್ಲಿ ಅಷ್ಟು ನಗು ಕೇಳಿ ಎಷ್ಟೋ ಕಾಲವಾಗಿತ್ತು.

ಈಗ ಆ ಗೋಡೆಯ ಮೇಲೆ ಜಗಳದ ಬದಲು ಒಂದು ಬುಟ್ಟಿ ಓಡಾಡುತ್ತದೆ. ಆಚೆಯಿಂದ ಬಿಸಿ ಬ್ರೆಡ್ಡು ಬರುತ್ತದೆ, ಈಚೆಯಿಂದ ಮೊಟ್ಟೆ ಹೋಗುತ್ತದೆ. ಬುಟ್ಟಿ ದಾಟಿಸುವುದು ಅತ್ತೆಯ ಕೆಲಸ. ದಿನಾ ಬೆಳಗ್ಗೆ, ಯಾವ ಹುಂಜವೂ ಕೂಗದೆ, ಅವರೇ ಎದ್ದು ಬರುತ್ತಾರೆ. ಮೊನ್ನೆ ಆ ಬುಟ್ಟಿಯ ಹಿಂದೆ ಐದು ವರ್ಷದ ಹಿಂದಿನ ಆ ಏಣಿಯೂ ಬಂತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಿತ್ತಲಲ್ಲೂ ಕೋಳಿ ಇದೆಯೇ? ಊರಿಗೊಂದು ನಿಯಮ ಇರುತ್ತದೆ. ಈ ಕಥೆಯ ಆರು ಕೋಳಿ, ಹತ್ತು ಅಡಿ ನಿಮ್ಮೂರಿನ ಲೆಕ್ಕವಲ್ಲ. ನಿಮ್ಮೂರ ಕಚೇರಿಗೆ ಹೋಗಿ, ಹೆದರದೆ ಕೇಳಿ. ಗೂಡನ್ನು ನಿಮ್ಮ ಕಿಟಕಿಯ ಕೆಳಗೇ ಇದೆ ಅಂದುಕೊಂಡು ಗುಡಿಸಿ. ನಿಮ್ಮ ಕೋಳಿಯಿಂದ ಯಾರ ನಿದ್ದೆ ಹೋಗುತ್ತಿದೆ ಅಂತ ಅವರ ಬಾಗಿಲು ತಟ್ಟಿ ವಿಚಾರಿಸಿ. ಮತ್ತು ಮನೆಗೆ ನೋಟಿಸು ಬಂದರೆ ಸಿಟ್ಟು, ಭಯ, ಕತ್ತರಿ ಮೂರನ್ನೂ ಪಕ್ಕಕ್ಕಿಟ್ಟು ಹಾಳೆಯ ಎರಡೂ ಬದಿ ಓದಿ. ನಿಮಗೆ ಬೇಕಾದ ಮಾತು ಹಿಂಬದಿಯಲ್ಲಿರಬಹುದು.