ಹೆಡೆ ಇದ್ದ ಖಳನಾಯಕ

ಆ ವರ್ಷ ನಾಲ್ಕನೇ ಕ್ಲಾಸಿನ ನಿತೇಶ ದಿನಕ್ಕೊಮ್ಮೆ ಸಾಯುತ್ತಿದ್ದ. ಭಾನುವಾರ ಟಿವಿಯಲ್ಲಿ ಹಾರುವ ವೀರನನ್ನು ನೋಡಿ ಬಂದ ಹುಡುಗರಿಗೆ ವಾರವಿಡೀ ಒಬ್ಬ ಖಳ ಬೇಕಾಗುತ್ತಿತ್ತು. ಗಿಡ್ಡನೆಯ, ಓಡಲು ಬಾರದ ನಿತೇಶ ಸುಲಭವಾಗಿ ಸಿಗುತ್ತಿದ್ದ. ನವೆಂಬರಿನಲ್ಲಿ ಅವನ ಹುಬ್ಬಿನ ಮೇಲೆ ಎರಡು ಹೊಲಿಗೆ ಬಿತ್ತು. ಹೊಡೆದ ವಿಶಾಲನನ್ನು ಯಾಕೆಂದು ಕೇಳಿದೆ.

"ಅಂವ ಕೆಟ್ಟವ ಅಲ್ದಾ ಟೀಚರ್? ಕೊಲ್ದೆ ಬಿಟ್ರೆ ನಾಳೆ ಮತ್ ಬತ್ತ."

ನಿತೇಶ ನಾಳೆ ಮತ್ತೆ ಬರುವುದು ನಿಜವೇ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿತ್ತು.

ಬೀಜಾಡಿ ಕಡೆಯ ಆ ಶಾಲೆಯಲ್ಲಿ ನಾನು ಹಳೆ ವಿದ್ಯಾರ್ಥಿ ಸಂಘದವರು ಇಟ್ಟುಕೊಂಡ ತಾತ್ಕಾಲಿಕ ಟೀಚರ್. ಪ್ರತಿ ವರ್ಷ ನನ್ನನ್ನು ಮುಂದುವರಿಸುವುದು ಸಂಘದ ಅಧ್ಯಕ್ಷ ಚಂದಯ್ಯನವರ ಕೈಯಲ್ಲಿತ್ತು. ಆದ್ದರಿಂದ ಯಾರನ್ನೂ ಬೈಯದೆ, ವಾರ್ಷಿಕೋತ್ಸವಕ್ಕೆ ಒಂದು ನಾಟಕ ಬರೆದೆ. ವಿಶಾಲ ಹಾರುವ ವೀರ, ನಿತೇಶ ಖಳ. ಕೊನೆಗೆ ವೀರ ಖಳನನ್ನು ಹಿಡಿಯುತ್ತಾನೆ, ಆದರೆ ಕೊಲ್ಲುವುದಿಲ್ಲ. ಊರೆಲ್ಲ ಚಪ್ಪಾಳೆ ತಟ್ಟಿದರೆ ಆಟದ ಬಯಲಲ್ಲೂ ಅದೇ ನಡೆದೀತು ಎಂದು ನನ್ನ ಆಸೆ.

ಹೆಡ್‌ಮಾಷ್ಟ್ರು ಅಣ್ಣಯ್ಯನವರು ಓದಿ ಕನ್ನಡಕ ತೆಗೆದರು. "ಅಸುರ ಸಾಯ್ದೆ ಮಂಗಳ ಹಾಡುಕಾತ್ತಾ ಟೀಚರೇ? ಇನ್ನೂ ಇತ್ತ್ ಅಂದೇಳಿ ಜನ ಕೂತೇ ಇರ್ತ್ರ್."

ವೀರನ ಕೈಗೆ ಒಂದು ಬೆಳಕಿನ ಬಾಣ ಕೊಟ್ಟು ಕೊಲ್ಲಿಸಿದೆ.

ಆದರೆ ವೇಷ ಬಾಡಿಗೆಗೆ ಕೊಡುವ ಸೂರ ಕೋಟೇಶ್ವರದಿಂದ ತಂದ ಪೆಟ್ಟಿಗೆಯಲ್ಲಿ ರಾಕ್ಷಸನ ಕಿರೀಟವಿರಲಿಲ್ಲ. ಬೇರೆ ಶಾಲೆಯವರು ಒಯ್ದಿದ್ದರು. ಉಳಿದದ್ದು ಐದು ಹೆಡೆಯ ನಾಗನ ವೇಷ. "ಇಪ್ದ್ ಇದೇ ಕಾಣಿ, ಕಟ್ಟಿ" ಎಂದ. ನಾನು ಬೇಡವೆನ್ನಲಿಲ್ಲ. ನಮ್ಮೂರು ನನಗೆ ಗೊತ್ತಿತ್ತು.

ಅಭ್ಯಾಸ ಶುರುವಾದ ದಿನವೇ ವಿಶಾಲ ಕೈ ಕೆಳಗಿಳಿಸಿದ. "ನಾಗಂಗ್ ಹೊಡುಕಾಗ, ಕಣ್ ಹೋತ್ತ್." ನಿತೇಶ ಅದನ್ನು ಕೇಳಿಸಿಕೊಂಡ. ಮರುದಿನದಿಂದ ಬಿಡುವಿನಲ್ಲೂ ಹೆಡೆ ಕಟ್ಟಿಕೊಂಡು ಬಯಲಿನ ನಟ್ಟನಡುವೆ ನಿಧಾನವಾಗಿ ನಡೆಯತೊಡಗಿದ. ಹದಿನೈದು ದಿನ ಯಾರೂ ಅವನನ್ನು ಮುಟ್ಟಲಿಲ್ಲ.

ಆಮೇಲೆ ವಿಶಾಲನ ತಾಯಿ ವನಜ ಬಂದರು. "ನನ್ ಮಗನ್ ಕೈಯಗ್ ನಾಗನ್ನ ಕೊಲ್ಲುಸ್ತ್ರ್ಯಾ? ನಾಳೆ ದೋಷಕ್ಕೆ ನಾಗಸಂಸ್ಕಾರ ಮಾಡ್ಸೂದ್ ಯಾರ್, ನೀವಾ?"

ಸಭೆ ಕರೆದರು. ಕೊಲ್ಲುವುದು ಬೇಡವೇ ಬೇಡ ಎಂದು ಎಲ್ಲರೂ ಒಂದೇ ಮಾತಿಗೆ ಬಂದರು. ಶಕ್ತಿ ಇದ್ದವನಿಗೆ ಕ್ಷಮೆ ಶೋಭೆ ಎಂದು ಅಣ್ಣಯ್ಯನವರು ಕಾಲು ಗಂಟೆ ಮಾತಾಡಿದರು. ಕೊಲ್ಲುವುದರಿಂದ ಏನೂ ಬಗೆಹರಿಯುವುದಿಲ್ಲ ಎಂದು ವನಜ ಹೇಳಿದರು. ನಾನು ತಲೆ ತಗ್ಗಿಸಿ ಎಲ್ಲವನ್ನೂ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡೆ. ಅಷ್ಟು ಒಳ್ಳೆಯ ಮಾತುಗಳನ್ನು ಆ ಪುಸ್ತಕ ಕಂಡಿರಲಿಲ್ಲ.

ಆಗ ಚಂದಯ್ಯನವರು ಕುರ್ಚಿಯಲ್ಲಿ ಮುಂದೆ ಬಾಗಿದರು. "ಹ್ವಾಯ್, ಇಷ್ಟೆಲ್ಲ ಎಂತಕೆ ಮಾರಾಯ್ರೆ? ಹೆಡೆ ತೆಗ್ದ್ರೆ ಆಯ್ತಲೆ? ಬರೀ ಮನ್ಷ ಆತ್ತ. ಮನ್ಷನ್ ಕೊಂದ್ರೆ ಎಂತ ದೋಷ ಇತ್ತ್?"

ಎಲ್ಲರಿಗೂ ನಗು ಬಂತು, ನಿರಾಳವಾಯಿತು. ವನಜ ಅತಿ ಹೆಚ್ಚು ನಕ್ಕರು.

"ಎಂತ ಟೀಚರೇ, ಅಡ್ಡಿಲ್ಯಾ?" ಚಂದಯ್ಯನವರು ನನ್ನ ಕಡೆ ತಿರುಗಿದರು.

ಹೇಳಬೇಕಾದ ನಾಲ್ಕು ವಾಕ್ಯಗಳು ನನ್ನಲ್ಲಿ ಸಿದ್ಧವಾಗಿದ್ದವು. ಮೊದಲನೆಯದು ಎರಡು ಹೊಲಿಗೆಗಳ ಬಗ್ಗೆ. ಆದರೆ ಮುಂದಿನ ವರ್ಷದ ಆದೇಶಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ.

"ಅಡ್ಡಿಲ್ಲ" ಎಂದೆ.

ಶನಿವಾರ ನಿತೇಶ ಬರಿದಲೆಯಲ್ಲಿ ವೇದಿಕೆಗೆ ಬಂದು, ಬಾಣ ತಗುಲಿ, ಬಿದ್ದು ಸತ್ತ. ಒಳ್ಳೆಯ ಚಪ್ಪಾಳೆ. ಜನ ಸಮಾಧಾನದಿಂದ ಎದ್ದು ಮನೆಗೆ ಹೋದರು.

ಸೋಮವಾರ ಬಿಡುವಿನ ಗಂಟೆ ಬಾರಿಸುವ ಮೊದಲೇ ನಾನು ಜಗಲಿಗೆ ಬಂದು ನಿಂತಿದ್ದೆ. ನಿತೇಶ ಓಡಲಿಲ್ಲ. ಹದಿನೈದು ದಿನಗಳ ರೂಢಿಯಂತೆ ಬಯಲಿನ ನಟ್ಟನಡುವೆ ನಿಧಾನವಾಗಿ ನಡೆದ. ವಿಶಾಲ ಅವನನ್ನು ಒಂದು ಸುತ್ತು ಬಂದು, ತಲೆ ಮುಟ್ಟಿ ನೋಡಿ, ಉಳಿದವರನ್ನು ಕೂಗಿದ.

"ಹ್ವಾಯ್, ಬನ್ನಿ! ಇವ ಈಗ ಬರೀ ಮನ್ಷ!"