ಮೂರು ಟ್ರಿಟಿಯಂ ಯೂನಿಟ್

೧
ಎಲ್ಲಿಂದ ಶುರು ಮಾಡಲಿ? ‘ಟ್ರಿಟಿಯಂ ಎಂದರೆ ವಿಕಿರಣ ಸೂಸುವ ಹೈಡ್ರೋಜನ್, ಮಳೆನೀರಿನಲ್ಲೂ ತೀರ ಅಲ್ಪ ಇರುತ್ತದೆ’ ಎಂದು ಬರೆದೆ. ಪಾಠದಂತಾಯಿತು, ಹೊಡೆದುಹಾಕಿದೆ. (ನೀವು ಓದಿಬಿಟ್ಟಿರಿ. ಇರಲಿ, ಬೇಕಾಗುತ್ತದೆ.)

೨
ಆಫ್ರೀನ ಬಾಗಲಕೋಟೆಯ ಖಾಸಗಿ ಲ್ಯಾಬೊಂದರಲ್ಲಿ ನೀರು ಪರೀಕ್ಷಿಸುವವಳು. ಕಮತಗಿ ಸಮೀಪದ ಎರಡು ಊರುಗಳ ಬೋರ್‌ವೆಲ್ ನೀರು ಎಷ್ಟು ಹಳೆಯದೆಂದು ತಿಳಿಯಲು ಸ್ಯಾಂಪಲ್ ಬಂದಿದ್ದವು; ಮಳೆನೀರು ನೆಲದಡಿ ಹಳೆಯದಾದಷ್ಟೂ ಅದರ ಟ್ರಿಟಿಯಂ ಕಡಿಮೆಯಾಗುತ್ತದೆ. ಎರಡರಲ್ಲೂ ಮೂರು ಟ್ರಿಟಿಯಂ ಯೂನಿಟ್. ಅದನ್ನು ವಿಕಿರಣದ ಅಳತೆಯಾದ ಬೆಕೆರೆಲ್‌ಗೆ ಬದಲಿಸಲು 0.118ರಿಂದ ಗುಣಿಸಬೇಕು. ಎರಡನೆಯ ಊರಿನದನ್ನು ಆಕೆ ಭಾಗಿಸಿದಳು. ಲೀಟರಿಗೆ 0.35 ಆಗಬೇಕಾದದ್ದು 25 ಆಯಿತು.

ಇಪ್ಪತ್ತೈದೂ ಅಪಾಯವಲ್ಲ, ಕುಡಿಯುವ ನೀರಿಗೆ ಜಾಗತಿಕ ಮಿತಿ ಹತ್ತು ಸಾವಿರ. ಆದರೆ ಆ ಊರಿನ ವಾಟ್ಸಪ್ಪಿನಲ್ಲಿ ಹರಿದಾಡಿದ್ದು ಇಷ್ಟೇ: ‘ಪಕ್ಕದೂರಿಗಿಂತ ಎಪ್ಪತ್ತು ಪಟ್ಟು ವಿಕಿರಣ!’ ಬೋರ್‌ವೆಲ್ ಬಂದ್ ಆಯಿತು.

೩
ಅಲ್ಲಿನ ಶಾಲೆಯಲ್ಲಿ ಬಿಸಿಯೂಟ ಮಾಡುವ ಸುಂದರವ್ವ ಊರಾಚೆಯ ಹಳೇ ಬಾವಿಯಿಂದ ನೀರು ಹೊರತೊಡಗಿದಳು. ಮೂರನೆಯ ದಿನ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರಿದಳು. ಸೊಂಟದ ಮೂಳೆ ಮುರಿಯಿತು.

ಆಫ್ರೀನಳಿಗೆ ತಪ್ಪು ಕಂಡದ್ದು ಅದರ ಮರುದಿನ.

(ಒಂದು ದಿನ ಮೊದಲೇ ಕಂಡಿತೆಂದು ಒಂದು ಡ್ರಾಫ್ಟ್ ಬರೆದಿದ್ದೆ. ಹರಿದೆ.)

“ತಪ್ಪು ಕಂಪ್ಯೂಟರಿಂದು ಅಂತ ಬರೀಲೇನು?” ಎಂದು ಅವಳನ್ನೇ ಕೇಳಿದೆ.

“ಬ್ಯಾಡ್ರಿ. ಭಾಗಾಕಾರ ಮಾಡಿದಾಕಿ ನಾನ. ಹಂಗ ಬರೀರಿ.”

೪
ಆಸ್ಪತ್ರೆಯಲ್ಲಿ ಸುಂದರವ್ವನ ಮಂಚದ ಪಕ್ಕ ನಿಂತು ಆಫ್ರೀನ ಹೇಳಿದಳು: “ಅವ್ವಾರ, ಲೆಕ್ಕಾ ತಪ್ಪಿದ್ದು ನನ್ನಿಂದ್ರಿ. ಆ ಬೋರಿನ ನೀರು ಛೊಲೋನ ಇತ್ತು.”

ಸುಂದರವ್ವ ಕೇಳಿದಳು: “ಸಾಲಿ ಹುಡುಗ್ರು ಈಗ ಯಾವ ನೀರು ಕುಡ್ಯಾಕತ್ತಾರ?”

“ಹಳೇ ಬಾವೀದ್ರಿ. ಹೊಸಾ ರಿಪೋರ್ಟ್ ಕಳಿಸೇನಿ, ಯಾರೂ ನಂಬವಲ್ರು.”

“ಕಾಗದಾ ಯಾಕ ನಂಬ್ತಾರ? ನನಗ ಹೇಳಿದಂಗ ಮಂದಿ ಮುಂದ ನಿಂತು ಹೇಳವಾ.”

ಇಲ್ಲಿ ಎರಡು ಮುಕ್ತಾಯ ಬರೆದಿಟ್ಟಿದ್ದೆ. ಒಂದರಲ್ಲಿ ಸುಂದರವ್ವ ಅವಳ ಕೈ ಹಿಡಿಯುತ್ತಾಳೆ. ಇನ್ನೊಂದರಲ್ಲಿ ಹೊರಗೆ ಹೋಗೆನ್ನುತ್ತಾಳೆ. ಆಕೆ ಎರಡನ್ನೂ ಮಾಡಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಮನಸ್ಸಿನಲ್ಲೇನಿತ್ತೋ, ಬರೆಯುವವನಾದ ನನಗೂ ಹೇಳಲಿಲ್ಲ.

೫
ಮರುದಿನ ಆಫ್ರೀನ ಆ ಊರಿಗೆ ಹೋದಳು. ಮಂದಿ ಸೇರಿದರು. ತನ್ನ ಹೆಸರು ಹೇಳಿದಳು, ತಾನು ಮಾಡಿದ ತಪ್ಪು ಹೇಳಿದಳು, ಸುಂದರವ್ವನ ಹೆಸರೂ ಹೇಳಿದಳು. ಯಾರೋ ಬೈದರು. ಬೈಸಿಕೊಂಡಳು. ಮೋಟಾರು ಹಾಕಿಸಿ ಒಂದು ಲೋಟ ನೀರು ಕುಡಿದಳು.

ಇನ್ನೊಂದು ಲೋಟ ತುಂಬಿಸಿ ಮಂದಿಯತ್ತ ಕೈ ಚಾಚಿದ್ದಾಳೆ. ಯಾರೋ ಮುಂದೆ ಬಂದು ತೆಗೆದುಕೊಂಡರೆಂದು ಬರೆಯಲು ನನಗೆ ಎರಡೇ ಸಾಲು ಸಾಕು.

“ಈಗ ಬರೀಬ್ಯಾಡ್ರಿ,” ಎನ್ನುತ್ತಾಳೆ ಆಕೆ, ಕೈ ಇಳಿಸದೆ. “ಯಾರರೆ ಬರಲಿ ಮೊದಲ.”