ಏರಿಯ ಕೆಳಗಿನವರು

"ಕುಡಿಯೋ ಬೋಳಿಮಗನೇ. ಮಣ್ಣು ಬರ್ತಿದೆ, ಮಣ್ಣು ಬರ್ತಿದೆ ಅಂತ ಬಂದವರ ಮುಂದೆಲ್ಲ ಬಾಯಿ ಬಡ್ಕೊಂಡೆಯಲ್ಲ, ಕುಡಿದು ಹೇಳು."

ಏರಿಯ ಬುಡದಲ್ಲಿ ಒಸರಿದ ನೀರು ತುಂಬಿದ ಬಾಟಲಿಯನ್ನು ದಣಿ ನೀರುಗಂಟಿಯ ಮೂತಿಗೆ ಹಿಡಿದಿದ್ದ. ಕೆರೆಯ ಏರಿಯ ಮೇಲೆ ಹಲಗೆ ಹಾಸಿ ಕಟ್ಟಿದ ಹೋಟೆಲು ಅದು. ಭಾನುವಾರ ಮಧ್ಯಾಹ್ನವಾದ್ದರಿಂದ ಮೇಜುಗಳೆಲ್ಲ ತುಂಬಿದ್ದವು. ಒಂದಿಬ್ಬರು ಮೊಬೈಲ್ ಎತ್ತಿ ಹಿಡಿದರು. ದಣಿಯ ಪಕ್ಕದಲ್ಲಿ ಇಲಾಖೆಯ ಇಂಜಿನಿಯರ್ ಮೂಳೆ ಚೀಪುತ್ತಿದ್ದ.

ನೀರುಗಂಟಿ ಕುಡಿದ. ತಳದಲ್ಲಿದ್ದ ಕೆಂಪು ರಾಡಿಯೂ ಬಾಯಿಗೆ ಬಂತು. ಹಲ್ಲಿನ ಸಂದಿಯಲ್ಲಿ ಮರಳು ಕರಕರ ಅಂದಿತು.

"ಹೇಗಿದೆ?"

"ಚೆನ್ನಾಗಿದೆ ದಣಿ."

ಹತ್ತಿರದ ಮೇಜಿನವರು ನಕ್ಕರು. ಇಂಜಿನಿಯರ್ ಕೈ ಒರೆಸಿಕೊಂಡ. "ಮಣ್ಣಿನ ಏರಿ ಅಂದ್ಮೇಲೆ ಒಸರೇ ಒಸರುತ್ತೆ ಕಣಯ್ಯ."

"ಒಸರ್ಲಿ ಸ್ವಾಮಿ. ಇಪ್ಪತ್ತಾರು ವರ್ಷದಿಂದ ನೋಡ್ತಿದ್ದೀನಿ, ತಿಳಿ ನೀರು ಒಸರ್ತಿತ್ತು. ಮೊನ್ನೆಯಿಂದ ಕೆಂಪಗೆ ಬರ್ತಿದೆ. ಏರಿ ಹೊಟ್ಟೆ ಒಳಗಿನ ಮಣ್ಣು ಅದು. ಒಂದ್ಸಲ ಕೆಳಗಿಳಿದು ನೋಡಿ."

"ಈ ಶೂನಲ್ಲಾ? ನಾಳೆ ನೋಡೋಣ."

"ಕೇಳಿಸ್ತಲ್ಲ," ಅಂದ ದಣಿ. "ಹೋಗು, ಜಾಕೆಟ್ ಹಂಚು."

ದಣಿ ಕೆರೆಯನ್ನು ಬೋಟಿಂಗಿಗೆ ಗುತ್ತಿಗೆ ಹಿಡಿದ ಮೇಲೆ ನೀರುಗಂಟಿಗೆ ನೀಲಿ ಅಂಗಿ, ಕೊರಳಿಗೊಂದು ಸೀಟಿ ಬಂದಿದ್ದವು. ಗದ್ದೆಗೆ ನೀರು ಬಿಡಲು ತೂಬು ಎತ್ತಿ ಇಳಿಸುತ್ತಿದ್ದ ಕೈ ಈಗ ಬೋಟು ಹತ್ತುವವರ ಎದೆಗೆ ಜಾಕೆಟ್ ಬಿಗಿಯುತ್ತಿತ್ತು. ಬೋಟುಗಳ ತಳ ತಾಗಬಾರದೆಂದು ಕೋಡಿಯ ಮೇಲೆ ಎರಡು ವರಸೆ ಇಟ್ಟಿಗೆ ಏರಿಸಿದ್ದರು. ಹೆಚ್ಚಾದ ನೀರು ಹೊರಗೆ ಹೋಗುವುದು ನಿಂತು, ಅದು ಏರಿಯ ತಲೆ ಮುಟ್ಟಲು ಒಂದೂವರೆ ಮೊಳವಷ್ಟೇ ಉಳಿದಿತ್ತು. ಏರಿಯ ಆಚೆ ಬುಡದಲ್ಲಿ ಇಟ್ಟಿಗೆ ಗೂಡಿನವರ ನಲವತ್ತು ಮನೆಗಳಿದ್ದವು. ಅವನದೂ ಅಲ್ಲೇ.

ಏರಿಯ ಹುಲ್ಲು ಕೊಯ್ಯುವುದು ಅವನ ಹೆಂಡತಿಯ ಕೆಲಸ. ಕೆಂಪು ನೀರನ್ನು ಮೊದಲು ಕಂಡವಳೂ ಅವಳೇ. ಕೈಯಲ್ಲಿ ಕುಡುಗೋಲು ಹಿಡಿದುಕೊಂಡೇ ಬೋಟು ಕಟ್ಟುವ ಜಾಗಕ್ಕೆ ಬಂದಳು.

"ಕುಡಿದ್ರಂತೆ."

"ಹ್ಞೂಂ."

"ಬಾಯಿ ಮುಕ್ಕಳಿಸಿ ಬನ್ನಿ. ಏರಿ ಬುಡದ ತೂತಿಗೆ ಬೆಳಿಗ್ಗೆ ಬೆರಳು ಹೋಗ್ತಿತ್ತು. ಈಗ ಮುಷ್ಟಿ ಹೋಗುತ್ತೆ."

ಅವನು ಇಳಿದು ಹೋಗಿ ನೋಡಿದ. ಬುಡದಲ್ಲಿ ನೀರು ಅನ್ನದ ಎಸರಿನಂತೆ ಕೊತಕೊತ ಉಕ್ಕುತ್ತಿತ್ತು, ಉಕ್ಕಿದಷ್ಟೂ ಮರಳು ತರುತ್ತಿತ್ತು. ಕೈ ತೂರಿಸಿದ. ಮೊಣಕೈವರೆಗೆ ಹೋಯಿತು. ಹೊರಗೆಳೆಯುವಾಗ ತೂತಿನ ಬಾಯಿಯ ಅಂಚು ಕಳಚಿ ಬಿತ್ತು.

ಮೂವತ್ತು ಹೆಜ್ಜೆ ಆಚೆ, ಮನೆಯ ಮುಂದೆ, ಸೊಸೆ ಕೂಸಿಗೆ ನೀರೆರೆಯುತ್ತಿದ್ದಳು.

"ಊಟಕ್ಕೆ ಬಂದ್ರಾ ಮಾವ?"

"ಕೂಸು ಎತ್ಕೊಂಡು ಗುಡ್ಡಕ್ಕೆ ಹೋಗಮ್ಮ."

"ತಲೆ ಒರೆಸಿ ಹೋಗ್ತೀನಿ."

"ಒದ್ದೇಲೇ ಹೋಗು. ದಾರೀಲಿ ಎಲ್ಲರ ಬಾಗಿಲೂ ಬಡೀತಾ ಹೋಗು."

ಅವನ ಮುಖ ನೋಡಿ ಅವಳು ಕೂಸನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡು ಹೊರಟಳು.

ಅವನು ಏರಿ ಹತ್ತಿದ. ಕೆರೆಯ ನೀರು ಇಳಿಸಲು ತೂಬು ಎತ್ತಬೇಕು, ಆದರೆ ಕೆರೆಯಲ್ಲಿ ಇಪ್ಪತ್ತೆರಡು ಬೋಟುಗಳಿದ್ದವು. ತೂಬಿನ ಸೆಳೆತಕ್ಕೆ ಯಾವುದಾದರೂ ಸಿಕ್ಕಿದರೆ ಮುಗಿಯಿತು. ಅವನು ಸೀಟಿ ಬಾಯಿಗಿಟ್ಟು ಮೂರು ಸಲ ಉದ್ದಕ್ಕೆ ಊದಿದ. ಎಲ್ಲ ಬೋಟೂ ದಡಕ್ಕೆ ಬರಬೇಕೆಂಬ ಗುರುತು ಅದು. ಕಾಲಿನಿಂದ ತುಳಿಯುವ ಬೋಟುಗಳು ಒಂದೊಂದಾಗಿ ತಿರುಗಿದವು. ಮತ್ತೆ ಊದಿದ. ಹೋಟೆಲಿನಲ್ಲಿ ಹಾಕಿದ್ದ ಹಾಡು ನಿಂತಿತು.

ದಣಿ ಓಡಿ ಬಂದವನೇ ಕೆನ್ನೆಗೆ ಬಾರಿಸಿದ. "ಯಾರಪ್ಪಂದು ಅಂತ ಊದ್ತಿದ್ದೀಯೋ ನನ್ಮಗನೇ?"

ಎರಡನೇ ಏಟಿಗೆ ಎತ್ತಿದ ಕೈ ಅಲ್ಲೇ ನಿಂತಿತು. ನಡುವೆ ಹೆಂಡತಿ ನಿಂತಿದ್ದಳು. ಕುಡುಗೋಲನ್ನು ಅವಳು ಎತ್ತಿರಲಿಲ್ಲ, ಕೆಳಗೂ ಇಟ್ಟಿರಲಿಲ್ಲ.

"ಹೊಡೀರಿ ದಣಿ. ನಾನೂ ನೋಡ್ತೀನಿ."

ಕೊನೆಯ ಬೋಟು ದಡ ಮುಟ್ಟುವವರೆಗೆ ನೀರುಗಂಟಿ ಊದುತ್ತಲೇ ಇದ್ದ. ಆಮೇಲೆ ಕೆಸರುಗಾಲಲ್ಲಿ ಹೋಟೆಲಿನೊಳಗೆ ನಡೆದ. ತೂಬು ತಿರುಗಿಸುವ ಕಬ್ಬಿಣದ ಹಿಡಿಯನ್ನು ಎಣ್ಣೆ ಹಚ್ಚಿ ಗೋಡೆಗೆ ಅಂದಕ್ಕೆ ನೇತುಹಾಕಿದ್ದರು. ಅದನ್ನು ಕಿತ್ತುಕೊಂಡು ತೂಬಿನ ಕಟ್ಟೆಗೆ ಹೋಗಿ ಸಿಕ್ಕಿಸಿ, ಎದೆ ಒತ್ತಿ ತಿರುಗಿಸಿದ. ಮೊದಲು ಅಲುಗಲಿಲ್ಲ. ಮತ್ತೆ ಒತ್ತಿದ. ಎಲ್ಲೋ ಆಳದಲ್ಲಿ ಕಿರ್ರೆಂದು, ಹೊರಗಿನ ಕಾಲುವೆಗೆ ನೀರು ನುಗ್ಗಿತು.

"ಪೂರ್ತಿ ಎತ್ತಿ," ಅಂದಳು ಹೆಂಡತಿ.

"ಬೇಡ ಕಣೇ. ದಿಢೀರಂತ ನೀರು ಇಳಿದ್ರೆ ಏರಿ ಒಳಮಗ್ಗುಲು ಜಾರುತ್ತೆ. ಹದವಾಗೇ ಇಳೀಬೇಕು."

ಅಷ್ಟರಲ್ಲಿ ಗೂಡಿನ ಹೆಂಗಸರು ಹಾರೆ ಹಿಡಿದು ಕೋಡಿಗೆ ಬಂದಿದ್ದರು. ಏರಿಸಿದ್ದ ಇಟ್ಟಿಗೆ ಅವರೇ ಸುಟ್ಟದ್ದು. ಒಂದೊಂದನ್ನೇ ಕಿತ್ತು ಎಸೆದರು.

ದಣಿ ಫೋನ್ ಮಾಡಿ ಕರೆಸಿದ ಪೊಲೀಸ್ ಜೀಪು ಬರುವ ಹೊತ್ತಿಗೆ ನೀರು ನಾಲ್ಕು ಬೆರಳು ಇಳಿದಿತ್ತು. ಇನ್ಸ್‌ಪೆಕ್ಟರ್ ತೂಬಿನ ಕಟ್ಟೆಗೆ ಬಂದ. ದಣಿ ಅವನ ಹಿಂದೆ. ಇಂಜಿನಿಯರ್ ದೂರದಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ.

"ಮುಚ್ಚೋ."

"ಮುಚ್ಚಲ್ಲ ಸ್ವಾಮಿ."

"ಸರ್ಕಾರದ ಆಸ್ತಿ ಕಣೋ ಇದು. ಒಳಗೆ ಹಾಕಿದ್ರೆ ವರ್ಷ ಹೊರಗೆ ಬರಲ್ಲ."

"ಹಾಕಿ. ಕೆಳಗೆ ಹೋಗಿ ಒಂದ್ಸಲ ನೋಡಿ ಬಂದು ಹಾಕಿ."

"ಅವನ ಕೈಯಿಂದ ಕಿತ್ಕೊಳ್ಳಿ ಸರ್," ಅಂದ ದಣಿ.

ಕಾನ್‌ಸ್ಟೇಬಲ್ ಒಂದು ಹೆಜ್ಜೆ ಮುಂದಿಟ್ಟ. ನೀರುಗಂಟಿ ಹಿಡಿಯನ್ನು ಕಳಚಿ, ಕೆರೆಯ ಅತ್ತ ಆಳದ ಕಡೆಗೆ ಬೀಸಿ ಎಸೆದ. ಅದು ಮುಳುಗಿತು. ಇನ್ನು ತೂಬು ಮುಚ್ಚುವಂತಿರಲಿಲ್ಲ.

ಅವನಿಗೆ ಬೇಡಿ ಹಾಕಿ, ಏರಿಯ ಬುಡದ ರಸ್ತೆಯಲ್ಲಿ ನಿಂತಿದ್ದ ಜೀಪಿನಲ್ಲಿ ಕೂರಿಸಿದರು. ಕಾವಲಿಗೆ ಕಾನ್‌ಸ್ಟೇಬಲ್ ಪಕ್ಕದಲ್ಲಿ ಕೂತ. ತೆರೆದ ಬಾಗಿಲಿನಿಂದ ನೋಡಿದರೆ ಹೆಂಡತಿ ಮತ್ತು ನಾಲ್ವರು ಹೆಂಗಸರು ಉಕ್ಕುವ ಬಾಯಿಯ ಸುತ್ತ ಮರಳಿನ ಚೀಲ ಜೋಡಿಸುತ್ತಿರುವುದು ಕಾಣುತ್ತಿತ್ತು. ಚೀಲದ ಸಂದಿಯಿಂದ ನೀರು ಕೆಂಪಗೇ ಬರುತ್ತಿತ್ತು. ಅವಳು ಒಮ್ಮೆಯೂ ಜೀಪಿನ ಕಡೆ ತಿರುಗಲಿಲ್ಲ.

"ಒಡೆಯುತ್ತಾ?" ಕಾನ್‌ಸ್ಟೇಬಲ್ ಮೆಲ್ಲಗೆ ಕೇಳಿದ.

"ಇನ್ನೂ ಎರಡು ಮೊಳ ಇಳಿದ್ರೆ ಉಳಿಯುತ್ತೆ."

"ಎಷ್ಟು ಹೊತ್ತು ಬೇಕು?"

"ನಾಳೆ ಮಧ್ಯಾಹ್ನ ಆಗುತ್ತೆ."

"ಅಲ್ಲೀವರೆಗೆ ತಡೆಯುತ್ತಾ?"

"ಗೊತ್ತಿಲ್ಲಪ್ಪ."

ಮೇಲೆ ಏರಿಯ ಮೇಲಿಂದ ಇನ್ಸ್‌ಪೆಕ್ಟರನ ದನಿ ಕೇಳುತ್ತಿತ್ತು. ಏನೂ ಆಗಿಲ್ಲ, ಎಲ್ಲರೂ ಹೋಗಿ ಕೂತು ಊಟ ಮಾಡಿ ಅಂತ ಬಂದವರಿಗೆ ಹೇಳುತ್ತಿದ್ದ.

ಕಾನ್‌ಸ್ಟೇಬಲ್ ಆ ಕಡೆ ಬೆನ್ನು ತಿರುಗಿಸಿ ಜೇಬಿನಿಂದ ಫೋನ್ ತೆಗೆದು, ಕೆರೆಯ ಕೆಳಗಿನ ಊರಲ್ಲಿದ್ದ ಅಕ್ಕನಿಗೆ ಕರೆ ಮಾಡಿದ.

"ಅಕ್ಕಾ, ನಾನು. ಏನೂ ಕೇಳ್ಬೇಡ. ಮಕ್ಕಳನ್ನ ಕರ್ಕೊಂಡು ಗುಡ್ಡ ಹತ್ತು. ಒಲೆ ಆರಿಸೋಕೂ ನಿಲ್ಬೇಡ."